ಮಳೆಗಾಲ, ಒಂಬತ್ತಡಿ ಕೋಣೆ ಮತ್ತು 60 ದಿನಗಳ ಕಸರತ್ತು: ಶುರು ಮಾಡಲೇ, ಬೇಡವೇ?

ಕಾಳಿ ದಡ (ಕಾರವಾರ)
ನಮಸ್ಕಾರ. ಒಂದು ತೀರ್ಮಾನಕ್ಕೆ ಬರಲಾಗದೆ ಹದಿನೈದು ದಿನಗಳಿಂದ ಒದ್ದಾಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ ಹೇಳಿ.

ನನಗೆ 42 ವರ್ಷ. ಕಚೇರಿ ಕೆಲಸ, ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕೂತರೆ ಏಳುವುದು ಸಂಜೆಗೇ. ಎರಡು ವರ್ಷಗಳಿಂದ ವಾರದಲ್ಲಿ ಐದು ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಅರ್ಧ ಗಂಟೆ ನಡೆಯುತ್ತಿದ್ದೆ. ಜೂನ್ ಹಿಡಿದ ಮೇಲೆ ಅದು ನಿಂತಿದೆ. ಇಲ್ಲಿಯ ಮಳೆ ನಿಮಗೆಲ್ಲ ಗೊತ್ತು. ಕೊಡೆ ಬಿಚ್ಚುವಷ್ಟರಲ್ಲಿ ಗಾಳಿ ಅದನ್ನು ಮಗುಚಿ ಹಾಕುತ್ತದೆ.

ಎತ್ತರ 158 ಸೆಂ.ಮೀ., ತೂಕ 71 ಕೆ.ಜಿ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 6.1 ಬಂದಿದೆ, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಒಂದು ಸಣ್ಣ ಗಾಯ ಮಾಯಲು ಅವಳು ಏಳು ತಿಂಗಳು ಪಟ್ಟ ಪಾಡನ್ನು ನಾನೇ ಪಕ್ಕದಲ್ಲಿದ್ದು ನೋಡಿದ್ದೇನೆ. ಆ ಚೀಟಿ ಕೈಗೆ ಬಂದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಪುಣೆಯಲ್ಲಿರುವ ತಮ್ಮ ಇನ್‌ಸ್ಯಾನಿಟಿ ಎಂಬ, ವೀಡಿಯೊ ನೋಡಿ ಮಾಡುವ 60 ದಿನಗಳ ಕಸರತ್ತಿನ ಕಾರ್ಯಕ್ರಮ ಮುಗಿಸಿ ಗುರುತೇ ಸಿಗದಷ್ಟು ಬದಲಾಗಿದ್ದಾನೆ. “ಅಕ್ಕಾ, ನಡೆದದ್ದು ಸಾಕು, ಇದನ್ನು ಶುರು ಮಾಡು. ಉಪಕರಣ ಬೇಡ, ಮನೆ ಬಿಟ್ಟು ಹೊರಗೆ ಹೋಗುವುದು ಬೇಡ” ಎಂದು ದಿನಾ ಫೋನು ಮಾಡುತ್ತಾನೆ. ವಾರಕ್ಕೆ ಆರು ದಿನ. ಮೊದಲ ತಿಂಗಳು ಸುಮಾರು 40 ನಿಮಿಷ, ಎರಡನೇ ತಿಂಗಳು ಒಂದು ತಾಸಿನವರೆಗೆ. ನೋಡಿದರೆ ಬಹುಪಾಲು ಜಿಗಿತವೇ.

ನನ್ನದು ಮೊದಲ ಮಹಡಿಯ ಬಾಡಿಗೆ ಮನೆ. ಒಂಬತ್ತಡಿ ಅಗಲದ ಕೋಣೆ, ಕಲ್ಲು ಹಾಸಿದ ನೆಲ, ಕೆಳಗೆ ಮನೆಯ ಒಡತಿ ಅಜ್ಜಿ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಕಟಕಟ ಎನ್ನುತ್ತದೆ, ಕೆಲವೊಮ್ಮೆ ನೋಯುತ್ತದೆ. ಶುರು ಮಾಡಲೇ?

ಬೈತಖೋಲ್ ಬೋಟು
ಮಾಡಿ ಅಕ್ಕಾ, ಧೈರ್ಯವಾಗಿ ಮಾಡಿ. ನಾನು ಟ್ರಾಲ್ ಬೋಟಿನಲ್ಲಿ ದುಡಿಯುವವನು, ವಯಸ್ಸು 26. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಲೆಕ್ಕಕ್ಕೆ 61 ದಿನ. ಮೊದಲೆಲ್ಲ ಆ ಎರಡು ತಿಂಗಳು ಉಂಡು ಮಲಗಿ, ಆಗಸ್ಟಿನಲ್ಲಿ ಬಲೆ ಎಳೆಯಲು ನಿಂತರೆ ಮೊದಲ ವಾರವೇ ಬೆನ್ನು ಹಿಡಿಯುತ್ತಿತ್ತು. ಹೋದ ವರ್ಷ ನಿಷೇಧದ ಮೊದಲ ದಿನವೇ ಇದೇ ಕಾರ್ಯಕ್ರಮ ಹಿಡಿದೆ, ಬೋಟು ನೀರಿಗಿಳಿಯುವ ಹೊತ್ತಿಗೆ ಮುಗಿಸಿದೆ. ಆ ಆಗಸ್ಟಿನಲ್ಲಿ ಬೆನ್ನಿನ ನೆನಪೇ ಬರಲಿಲ್ಲ.

ಇದರ ಗುಟ್ಟು ಇಷ್ಟೇ. ಬೇರೆ ಕಡೆ ಸ್ವಲ್ಪ ಹೊತ್ತು ಜೋರಾಗಿ ಮಾಡಿ ಹೆಚ್ಚು ಹೊತ್ತು ದಣಿವಾರಿಸಿಕೊಳ್ಳುತ್ತಾರೆ. ಇಲ್ಲಿ ತಿರುಗಾಮುರುಗಾ: ಮೂರು ನಿಮಿಷದಷ್ಟು ಜೋರು, ನಡುವೆ ಅರ್ಧ ನಿಮಿಷ ಮಾತ್ರ ಉಸಿರು. ಮೊದಲ ವಾರ ಅಳು ಬರುತ್ತದೆ. ಮೂರನೇ ವಾರ ಮೈ ತಾನಾಗಿಯೇ ಎದ್ದು ನಿಲ್ಲುತ್ತದೆ. ಅರ್ಧಕ್ಕೆ ಬಿಡದಿರುವುದೊಂದೇ ಮುಖ್ಯ.

ತೋಟದಂಚು (ಶಿರಸಿ)
ನಾನು ಮಾಡಿದ್ದು ಪಿ-90-ಎಕ್ಸ್ ಎಂಬ ಇಂಥದ್ದೇ ಇನ್ನೊಂದು ಕಾರ್ಯಕ್ರಮ. 90 ದಿನಗಳದ್ದು, ಭಾರ ಎತ್ತುವುದು, ಕಂಬಿಗೆ ಜೋತು ಮೈ ಮೇಲೆತ್ತುವುದು ಅದರಲ್ಲಿ ಹೆಚ್ಚು. ಕಂಬಿ ಕೊಳ್ಳಲಿಲ್ಲ, ಮೆತ್ತಿನ ತೊಲೆಗೆ ಹಗ್ಗ ಬಿಗಿದು ಕಬ್ಬಿಣದ ಕೊಳವೆ ಕಟ್ಟಿದೆ. ಹುಟ್ಟಿದಾಗಿನಿಂದ ತೋಟದ ಕೆಲಸ ಮಾಡಿದವನು, ಅಡಿಕೆ ಗೊನೆ ಹೊತ್ತು ಗುಡ್ಡ ಹತ್ತಿದವನು, ನನಗೇನು ಕಷ್ಟ ಎಂದುಕೊಂಡಿದ್ದೆ. ಮೊದಲ ದಿನ ಕಂಬಿಗೆ ಗದ್ದ ಮುಟ್ಟಿಸಲು ಒಂದೇ ಬಾರಿ ಆಯಿತು. ಮೈ ರೂಢಿಯಾದ ಕೆಲಸಕ್ಕೆ ಮಾತ್ರ ಗಟ್ಟಿಯಾಗಿರುತ್ತದೆ ಎಂದು ಅವತ್ತು ತಿಳಿಯಿತು.

ನಾನು ಹೇಳಬೇಕೆಂದಿರುವುದು ಕಾಲದ ವಿಷಯ. ಅಕ್ಟೋಬರಿನಲ್ಲಿ ಶುರು ಮಾಡಿದೆ. ನವೆಂಬರಿನಲ್ಲಿ ಅಡಿಕೆ ಗೊನೆಯ ಕೊಯ್ಲು ಬಂತು. ಹಗಲು ಕೊಯ್ಲು, ರಾತ್ರಿ ಅಡಿಕೆ ಸುಲಿಯುವುದು, ಬೆಳಗಿನ ಜಾವ ಬೇಯಿಸುವುದು. ಇದರ ನಡುವೆ ಒಂದು ತಾಸಿನ ಕಸರತ್ತು ಎಲ್ಲಿ? 90 ದಿನಗಳದ್ದು ಐದು ತಿಂಗಳಾಯಿತು. ನಿಮ್ಮ ಮುಂದಿನ ಎರಡು ತಿಂಗಳಲ್ಲಿ ಏನೇನಿದೆ ಎಂದು ಮೊದಲು ಬರೆದುಕೊಳ್ಳಿ: ಕಚೇರಿಯ ಲೆಕ್ಕ ತಪಾಸಣೆ, ಮನೆಯ ಮದುವೆ-ಮುಂಜಿ, ಮಕ್ಕಳ ಪರೀಕ್ಷೆ. ವಾರಕ್ಕೆ ಆರು ದಿನ ಕೇಳುವ ಕಾರ್ಯಕ್ರಮವು ಆರು ದಿನವನ್ನೂ ಕೇಳುತ್ತದೆ.

ಬೆಲೆಕೇರಿ (ಅಂಕೋಲಾ)
ನಾನು ಹನ್ನೊಂದನೇ ದಿನ ಬಿಟ್ಟವಳು. ಮೊಬೈಲ್ ಆ್ಯಪ್‌ನಲ್ಲಿ ಸಿಕ್ಕ ಬೇರೊಂದು ಜಿಗಿತದ ಕಾರ್ಯಕ್ರಮ, ಹೆಸರು ಬೇಡ. ಕಲ್ಲಿನ ನೆಲ, ಬರಿಗಾಲು. ಐದನೇ ದಿನವೇ ಮುಂಗಾಲ ಎಲುಬಿನ ಒಳಮಗ್ಗುಲು ನೋಯತೊಡಗಿತು. “ನೋವು ಬಂದರೆ ಕೆಲಸ ಮಾಡುತ್ತಿದೆ ಎಂದರ್ಥ” ಎಂದು ಪರದೆಯ ಮೇಲಿನವರು ಕೂಗುತ್ತಿದ್ದರು, ನಾನು ನಂಬಿದೆ. ಹನ್ನೊಂದನೇ ದಿನ ಮಂಚದಿಂದ ಇಳಿದು ನೆಲಕ್ಕೆ ಕಾಲಿಡಲಾಗಲಿಲ್ಲ. ಸರಿಯಾಗಿ ನಡೆಯಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲಿ ನಡಿಗೆಯೂ ಹೋಯಿತು, ತೂಕ ಮೂರು ಕೆ.ಜಿ. ಏರಿತು.

ಬೈತಖೋಲಿನ ತಮ್ಮಾ, ಅರ್ಧಕ್ಕೆ ಬಿಡಬಾರದು ಎಂಬ ನಿನ್ನ ಮಾತು ನನ್ನಂಥವರ ಎದೆಗೆ ನಾಟುತ್ತದೆ. ಐದನೇ ದಿನ ಬಿಟ್ಟಿದ್ದರೆ ಒಂದು ವಾರದಲ್ಲಿ ವಾಸಿಯಾಗುತ್ತಿತ್ತು. ಛಲ ನನ್ನಲ್ಲಿ ಕಡಿಮೆ ಇರಲಿಲ್ಲ. ಯಾವ ನೋವಿಗೆ ನಿಲ್ಲಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಫಿಜಿಯೊ, ಕುಮಟಾ
ನಾನು ಫಿಜಿಯೊಥೆರಪಿಸ್ಟ್. ಕಾಳಿ ದಡದ ಮೇಡಂ, ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನಿಮ್ಮ ಹೃದಯ ಇದನ್ನು ತಾಳುತ್ತದೆಯೇ ಎಂಬುದು ಒಂದು. ನಿಮ್ಮ ಕೀಲುಗಳು ತಾಳುತ್ತವೆಯೇ ಎಂಬುದು ಇನ್ನೊಂದು. ತೀವ್ರತೆ ಬೇರೆ, ಜಿಗಿತ ಬೇರೆ.

ತಬಾಟಾ ಹೆಸರಿನ ನಾಲ್ಕು ನಿಮಿಷದ ಕಸರತ್ತನ್ನು ಕೇಳಿರಬಹುದು. ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಮೂಲ. 20 ಸೆಕೆಂಡು ಸರ್ವಶಕ್ತಿ, 10 ಸೆಕೆಂಡು ವಿರಾಮ, ಏಳೆಂಟು ಸುತ್ತು. ಅದಕ್ಕಿಂತ ತೀವ್ರವಾದದ್ದು ಅಪರೂಪ. ಆದರೆ ಅವರು ಮಾಡಿಸಿದ್ದು ವ್ಯಾಯಾಮದ ಸೈಕಲ್ ಮೇಲೆ, ತರುಣ ಕ್ರೀಡಾ ವಿದ್ಯಾರ್ಥಿಗಳಿಂದ. ಒಂದು ಜಿಗಿತವೂ ಇರಲಿಲ್ಲ. ಏದುಸಿರು ಬರಿಸಲು ಜಿಗಿಯಲೇಬೇಕೆಂದಿಲ್ಲ.

ಈಗ ಹೃದಯದ ಮಾತು. ತೀವ್ರ ವ್ಯಾಯಾಮಕ್ಕೆ ಮುನ್ನ ಕೇಳಿಕೊಳ್ಳಲು ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಪಟ್ಟಿಯಿದೆ. ಹೃದಯದ ತೊಂದರೆಯಿದೆ ಎಂದು ವೈದ್ಯರು ಹೇಳಿದ್ದಾರೆಯೇ? ಶ್ರಮಪಟ್ಟಾಗ ಎದೆನೋವು ಬರುತ್ತದೆಯೇ? ಕಳೆದ ತಿಂಗಳು ಸುಮ್ಮನೆ ಕೂತಾಗ ಬಂದಿತ್ತೇ? ತಲೆ ತಿರುಗಿ ಬೀಳುವುದುಂಟೇ? ಕೀಲು-ಮೂಳೆಯ ತೊಂದರೆಯಿದೆಯೇ? ರಕ್ತದೊತ್ತಡಕ್ಕೋ ಹೃದಯಕ್ಕೋ ಮಾತ್ರೆ ನುಂಗುತ್ತೀರಾ? ವ್ಯಾಯಾಮ ಬೇಡವೆನ್ನಲು ಬೇರೆ ಕಾರಣವುಂಟೇ? ಒಂದಕ್ಕೆ ಹೌದೆಂದರೂ ಮೊದಲು ವೈದ್ಯರನ್ನು ಕಾಣಬೇಕು. ಮೊಣಕಾಲಿನ ಕಾರಣಕ್ಕೆ ನಿಮ್ಮದು ಈಗಾಗಲೇ ಒಂದು ಹೌದು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದೆಯೇ? ಅದನ್ನು ನೀವು ಬರೆದಿಲ್ಲ.

ಇನ್ನೊಂದು ಮಾತು. ನಾಳೆ ಕಾರ್ಯಕ್ರಮದ ಮೈ ಬಿಸಿಮಾಡುವ ಭಾಗವನ್ನಷ್ಟೇ ಜಿಗಿಯದೆ, ಹೆಜ್ಜೆ ಹಾಕಿ ಮಾಡಿ ನೋಡಿ. ನಿಲ್ಲಿಸಿದ ಕೂಡಲೇ ಮಣಿಕಟ್ಟಿನಲ್ಲಿ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಯೇ ನಿಲ್ಲಿಸಿ.

ಕಾಳಿ ದಡ (ಕಾರವಾರ)
ಬರೆಯಬೇಕಾಗಿತ್ತು, ಬರೆಯಲು ಕೈ ಬರಲಿಲ್ಲ. ಅಪ್ಪನಿಗೆ 53ನೇ ವಯಸ್ಸಿನಲ್ಲಿ ಹೃದಯಾಘಾತವಾಯಿತು. ಮಣಿಪಾಲಕ್ಕೆ ಕರೆದೊಯ್ದೆವು. ಆ ರಾತ್ರಿ ಆ್ಯಂಬುಲೆನ್ಸಿನಲ್ಲಿ ಹೊನ್ನಾವರದ ಸೇತುವೆ ದಾಟಿದ್ದು, ಭಟ್ಕಳ ದಾಟಿದ್ದು, ಬೈಂದೂರು ದಾಟಿದ್ದು ಒಂದೊಂದೂ ನೆನಪಿದೆ. ಬದುಕಿದರು, ಆಮೇಲೆ ಒಂಬತ್ತು ವರ್ಷ ಇದ್ದರು.

ಇವತ್ತು ಬೆಳಿಗ್ಗೆ ನೀವು ಹೇಳಿದಂತೆ ಮೈ ಬಿಸಿಮಾಡುವ ಹತ್ತು ನಿಮಿಷವನ್ನಷ್ಟೇ ಜಿಗಿಯದೆ ಮಾಡಿದೆ. ಒಂದೇ ಸಾಲನ್ನು ಮತ್ತೆ ಮತ್ತೆ, ಪ್ರತಿ ಸಲ ಇನ್ನಷ್ಟು ವೇಗವಾಗಿ ಮಾಡಿಸುತ್ತಾರೆ. ನಾಡಿ ಎಣಿಸಿದೆ. 42. ಅಂದರೆ ನಿಮಿಷಕ್ಕೆ 168. ಎದೆನೋವು ಬರಲಿಲ್ಲ, ತಲೆ ತಿರುಗಲಿಲ್ಲ. ಐದು ನಿಮಿಷ ಮಾತನಾಡಲಾಗಲಿಲ್ಲ.

ಫಿಜಿಯೊ, ಕುಮಟಾ
220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತದ ಒಂದು ಅಂದಾಜು ಸಿಗುತ್ತದೆ. ನಿಮಗೆ 178. ಅಂದಾಜೇ ಹೊರತು ಅಳತೆಯಲ್ಲ, ಹತ್ತು-ಹನ್ನೆರಡು ಅತ್ತಿತ್ತ ಇರಬಹುದು. ಆದರೂ ನೋಡಿ: ನೀವು ಜಿಗಿದಿಲ್ಲ, ಕಾರ್ಯಕ್ರಮ ಇನ್ನೂ ಶುರುವೇ ಆಗಿಲ್ಲ, ಆಗಲೇ ಗರಿಷ್ಠದ ನೂರಕ್ಕೆ 94ರಲ್ಲಿದ್ದೀರಿ. ಉಳಿದ ಅರ್ಧ ಗಂಟೆಗೆ ನಿಮ್ಮಲ್ಲಿ ಜಾಗವೇ ಉಳಿದಿಲ್ಲ. ಈ ಅಂಕಿಯ ಜೊತೆ ನಿಮ್ಮ ತಂದೆಯವರ ವಿಷಯ ಸೇರಿದರೆ ನನ್ನ ಉತ್ತರ ಸ್ಪಷ್ಟ. ಈ ವಾರವೇ ವೈದ್ಯರನ್ನು ಕಾಣಿ, ಇಸಿಜಿ ಮಾಡಿಸಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಅವರನ್ನೇ ಕೇಳಿ. ಅಲ್ಲಿಯವರೆಗೆ ಮಾತನಾಡುತ್ತ ಮಾಡಬಹುದಾದ ವ್ಯಾಯಾಮ ಮಾತ್ರ.

ಬೆಲೆಕೇರಿಯ ಅಕ್ಕನ ಪ್ರಶ್ನೆ ದೊಡ್ಡದು. ಹೊಸ ಕಸರತ್ತು ಮಾಡಿದ ಮರುದಿನ ಎರಡೂ ತೊಡೆ, ಎರಡೂ ಮೀನಖಂಡ ಸಮನಾಗಿ ಬಿಗಿದು ನೋಯುವುದು ಸಹಜ. ಎರಡನೇ ಮೂರನೇ ದಿನ ಅದು ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಒಂದೇ ಕಡೆ, ಬೆರಳಿಟ್ಟು ತೋರಿಸಬಲ್ಲ ಜಾಗದಲ್ಲಿ, ಕೀಲಿನಲ್ಲೋ ಎಲುಬಿನ ಮೇಲೋ ನೋವು ಬಂದರೆ, ದಿನದಿಂದ ದಿನಕ್ಕೆ ಏರಿದರೆ ಅದು ನಿಲ್ಲಿಸು ಎನ್ನುವ ನೋವು. ಸ್ನಾಯು ಕೆಲವೇ ವಾರಗಳಲ್ಲಿ ಹೊಸ ಭಾರಕ್ಕೆ ಹೊಂದಿಕೊಳ್ಳುತ್ತದೆ. ಎಲುಬಿಗೂ ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜುವಿಗೂ ತಿಂಗಳುಗಳೇ ಬೇಕು. ಹಾಗಾಗಿಯೇ ಎರಡನೇ ವಾರದಲ್ಲಿ ಉಸಿರು ಸುಧಾರಿಸಿತು ಎನ್ನುವ ಹೊತ್ತಿಗೆ ಸರಿಯಾಗಿ ಕಾಲು ಕೈಕೊಡುತ್ತದೆ.

ಇದೊಂದು ಅಪರೂಪ, ಆದರೆ ಎಲ್ಲರಿಗೂ ತಿಳಿದಿರಬೇಕು. ರೂಢಿಯಿಲ್ಲದವರು ಒಮ್ಮೆಲೇ ಮಿತಿಮೀರಿ ದಣಿದಾಗ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಕುತ್ತು ತರಬಹುದು. ತಡೆಯಲಾಗದ ನೋವು, ಊತ, ಕಪ್ಪು ಚಹಾದ ಬಣ್ಣದ ಮೂತ್ರ ಕಂಡರೆ ಮನೆಮದ್ದು ಮಾಡುತ್ತ ಕೂರಬಾರದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಬೈತಖೋಲ್ ಬೋಟು
ಅಕ್ಕಾ, ನಿಮ್ಮ ಅಪ್ಪನವರ ವಿಷಯ ಗೊತ್ತಿದ್ದರೆ ನಾನು ಆ ರೀತಿ ಬರೆಯುತ್ತಿರಲಿಲ್ಲ. ಬೆಲೆಕೇರಿ ಅಕ್ಕಾ, ಕ್ಷಮಿಸಿ. ಆದರೂ ಒಂದು ಮಾತು ಬಿಟ್ಟುಕೊಡಲಾರೆ. ಹೆದರಿಸಿ ಹೆದರಿಸಿ ನಮ್ಮ ಮನೆಯ ಹೆಂಗಸರನ್ನು ಕೂರಿಸಿಬಿಟ್ಟಿದ್ದೇವೆ. ನನ್ನ ಅವ್ವ ಬಂದರಿನಿಂದ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ನಡೆದವಳು. ಈಗ ಮೊಣಕಾಲು ನೋವೆಂದು ಮೂರು ವರ್ಷದಿಂದ ಕೂತಿದ್ದಾಳೆ, ಕೂತಷ್ಟೂ ನೋವು ಏರುತ್ತಿದೆ. ಬೇಡ ಎನ್ನುವಾಗ ಅದರ ಬದಲಿಗೆ ಏನು ಮಾಡಬೇಕು ಎಂದೂ ಹೇಳಿ.

ಹವ್ಯಾಸಿ ವೇಷಧಾರಿ (ಹೊನ್ನಾವರ)
ಈ ತಮ್ಮನ ಮಾತು ಸರಿ. ನಾನು ಇಪ್ಪತ್ತು ವರ್ಷಗಳಿಂದ ಯಕ್ಷಗಾನದ ಬಡಗುತಿಟ್ಟಿನಲ್ಲಿ ವೇಷ ಮಾಡುತ್ತಿದ್ದೇನೆ. ಭಾರದ ವೇಷಭೂಷಣ ಹೊತ್ತು ಕುಣಿಯುವುದು, ಗಿರಕಿ ಹೊಡೆಯುವುದು, ಮೊಣಕಾಲ ಮೇಲೆ ಸುತ್ತುತ್ತ ಮಂಡಿ ಹಾಕುವುದು ಯಾವ ಕಸರತ್ತಿಗೂ ಕಡಿಮೆಯಲ್ಲ. ನನ್ನ ಗುರುಗಳು ಮೊದಲ ಆರು ತಿಂಗಳು ಮಂಡಿ ಹಾಕಲು ಬಿಡಲಿಲ್ಲ. ಅರ್ಧ ಕೂತ ಭಂಗಿಯಲ್ಲಿ ಹೆಜ್ಜೆ, ಮತ್ತೆ ಹೆಜ್ಜೆ, ಮತ್ತೆ ಹೆಜ್ಜೆ. ಹಾರುವುದನ್ನು ಕಲಿಸುವ ಮೊದಲು ಇಳಿಯುವುದನ್ನು ಕಲಿಸಿದರು. “ಹಾರಿ ಇಳಿದಾಗ ಗೆಜ್ಜೆಯ ಸದ್ದು ಕೇಳಬೇಕು, ನೆಲದ ಸದ್ದು ಕೇಳಬಾರದು” ಎನ್ನುತ್ತಿದ್ದರು. ಬೆರಳ ತುದಿ ಮೊದಲು, ಆಮೇಲೆ ಹಿಮ್ಮಡಿ, ಮೊಣಕಾಲು ಸಡಿಲ. ಅವಸರಪಟ್ಟು ವೀಡಿಯೊ ನೋಡಿ ಮಂಡಿ ಹಾಕಿದ ನನ್ನ ಓರಗೆಯ ಇಬ್ಬರು ಇವತ್ತು ಚೌಕಿಯಲ್ಲಿ ಕೂತು ಬೇರೆಯವರಿಗೆ ಬಣ್ಣ ಹಚ್ಚುತ್ತಾರೆ. ಕುಣಿಯಲಾರರು.

ನಿಮ್ಮ ಕೆಳಗಿನ ಮನೆಯ ಅಜ್ಜಿಯನ್ನು ಕೇಳಿ. ನೀವು ಇಳಿದದ್ದು ಅವರಿಗೆ ಕೇಳಿಸಿದರೆ ನಿಮ್ಮ ಮೊಣಕಾಲಿಗೂ ಕೇಳಿಸಿದೆ.

ಇಬ್ಬರು ಮಕ್ಕಳ ತಾಯಿ (ಭಟ್ಕಳ)
ಯಾರೂ ಬರೆಯದ್ದನ್ನು ಬರೆಯುತ್ತಿದ್ದೇನೆ. ಎರಡನೇ ಹೆರಿಗೆಯ ನಂತರ ಜಿಗಿತದ ಕಸರತ್ತು ಶುರು ಮಾಡಿದಾಗ ಪ್ರತಿ ಜಿಗಿತಕ್ಕೂ ಮೂತ್ರ ಸೋರುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳದೆ ಬಿಟ್ಟುಬಿಟ್ಟೆ. ಇದಕ್ಕೆ ಪರಿಹಾರವಿದೆ ಎಂದು ತಿಳಿದದ್ದು ಎರಡು ವರ್ಷಗಳ ಮೇಲೆ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನೇ ದಿನಕ್ಕೆ ಮೂರು ಹೊತ್ತು ಬಿಗಿದು ಸಡಿಲಿಸುವ ಅಭ್ಯಾಸ ಹೇಳಿಕೊಟ್ಟರು. ಮೂರು ತಿಂಗಳಲ್ಲಿ ಬಹಳ ಸುಧಾರಿಸಿತು. ಇದನ್ನು ಓದುವ ತಂಗಿಯರು ಸುಮ್ಮನೆ ಸಹಿಸಿಕೊಳ್ಳಬೇಡಿ.

ನಿವೃತ್ತ ಮೇಷ್ಟರು (ಸಿದ್ದಾಪುರ)
ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಒಂದು ಎಚ್ಚರಿಕೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಜೋರಾಗಿ ವ್ಯಾಯಾಮ ಮಾಡಿದರೆ ಸಕ್ಕರೆ ತೀರಾ ಇಳಿದುಬಿಡಬಹುದು. ನನಗೆ ಕೈ ನಡುಗಿ, ತಣ್ಣನೆ ಬೆವರಿ, ಜಗುಲಿಯಲ್ಲಿ ಕುಸಿದು ಕೂತಿದ್ದೆ. ಮೊಮ್ಮಗಳು ಬೆಲ್ಲದ ನೀರು ಕೊಟ್ಟಳು. ಅಂದಿನಿಂದ ವೈದ್ಯರನ್ನು ಕೇಳಿ ಹೊತ್ತು ಬದಲಿಸಿಕೊಂಡಿದ್ದೇನೆ.

ಫಿಜಿಯೊ, ಕುಮಟಾ
ಬೈತಖೋಲಿನವರು ಕೇಳಿದ್ದು ನ್ಯಾಯ. ಬದಲಿಗೆ ಏನು ಎಂದು ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಅಥವಾ 75ರಿಂದ 150 ನಿಮಿಷ ತೀವ್ರ ವ್ಯಾಯಾಮ ಹೇಳುತ್ತದೆ. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮೇಡಂ, ನಿಮ್ಮ ನಡಿಗೆ ಐದು ದಿನಕ್ಕೆ 150 ನಿಮಿಷ ಆಗುತ್ತಿತ್ತು. ನಡೆದದ್ದು ವ್ಯರ್ಥವಾಗಿರಲಿಲ್ಲ. ಇಲ್ಲದ್ದು ಎರಡನೆಯದು, ಬಲ. ಊಟದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ, ಅದರಲ್ಲೂ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು. ನಿಮ್ಮ 6.1ಕ್ಕೆ ಬೇಕಾದ ಮದ್ದು ಅಲ್ಲಿದೆ.

ವೈದ್ಯರು ಒಪ್ಪಿದರೆ ವಾರಕ್ಕೆ ಮೂರು ದಿನ: ಕುರ್ಚಿಗೆ ಕೂತು ಏಳುವ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಮೆಟ್ಟಿಲ ಮೊದಲ ಹೆಜ್ಜೆಯ ಮೇಲೆ ಹತ್ತಿ ಇಳಿಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಹತ್ತರಂತೆ ಮೂರು ಸುತ್ತು. ನಡುವಿನ ಎರಡು ದಿನ ನಿಂತಲ್ಲೇ ಅರ್ಧ ನಿಮಿಷ ಜೋರು ಹೆಜ್ಜೆ, ಒಂದೂವರೆ ನಿಮಿಷ ನಿಧಾನ ಹೆಜ್ಜೆ, ಎಂಟು ಸುತ್ತು. ಕಾಲಿಗೆ ಬೂಟು, ಕೆಳಗೆ ದಪ್ಪ ಚಾಪೆ. ಜಿಗಿತ ಬೇಡ. ಮಳೆ ಹೊಳವಾದ ದಿನ ಕಡಲತೀರಕ್ಕೆ ಹೋಗಿ, ಅದನ್ನು ಬಿಡಬೇಡಿ.

ತೋಟದಂಚು (ಶಿರಸಿ)
ಅಂಗಳದಲ್ಲಿ ಮಾಡುವವರು ಹಾವಸೆ ನೋಡಿಕೊಳ್ಳಿ. ನಮ್ಮ ಕಡೆ ಜುಲೈ ಹೊತ್ತಿಗೆ ಅಡಿಕೆ ದಬ್ಬೆ ಹಾಸದೆ ಕಾಲಿಡುವಂತಿಲ್ಲ. ಭಾರಕ್ಕೆ ಡಂಬೆಲ್ ಕೊಳ್ಳಬೇಕೆಂದಿಲ್ಲ, ಐದು ಕೆ.ಜಿ. ಅಕ್ಕಿಯ ಚೀಲ ಎದೆಗವಚಿಕೊಂಡು ಬಸ್ಕಿ ಹೊಡೆಯಿರಿ.

ಕಾಳಿ ದಡ (ಕಾರವಾರ)
ಎಲ್ಲರಿಗೂ ಕೃತಜ್ಞತೆಗಳು. ವೈದ್ಯರನ್ನು ಕಂಡೆ. ಇಸಿಜಿ, ಟ್ರೆಡ್‌ಮಿಲ್ ಎರಡೂ ಸರಿಯಿವೆ. ರಕ್ತದೊತ್ತಡ 136/86, ಮೇಲೆ ಕಣ್ಣಿಡಿ ಎಂದರು. ಮೊಣಕಾಲ ಚಿಪ್ಪಿನ ಸುತ್ತಲಿನ ನೋವಿಗೆ ತೊಡೆಯ ಬಲ ಸಾಲದೆ ಇರುವುದು ಕಾರಣವಂತೆ.

60 ದಿನಗಳದ್ದನ್ನು ಈಗ ಹಿಡಿಯುವುದಿಲ್ಲ ಎಂದು ತೀರ್ಮಾನಿಸಿದೆ. ತಮ್ಮನಿಗೆ ಫೋನು ಮಾಡಿ ನಾಡಿಯ ಲೆಕ್ಕ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ “ಅಪ್ಪನ ವಿಷಯ ನನಗೂ ಇದೆಯಲ್ಲ ಅಕ್ಕಾ, ನಾನೂ ತೋರಿಸಿಕೊಳ್ಳುತ್ತೇನೆ” ಎಂದ. ಫಿಜಿಯೊ ಅವರು ಹೇಳಿದ್ದನ್ನು ನಾಳೆಯಿಂದ ಶುರು ಮಾಡುತ್ತೇನೆ.

ಬೈತಖೋಲ್ ಬೋಟು
ಅವ್ವನಿಗೂ ಕುರ್ಚಿಯ ಬಸ್ಕಿ ಶುರು ಮಾಡಿಸಿದ್ದೇನೆ. ಮೊದಲ ದಿನ ನಾಲ್ಕು. ನಾನು ಎದುರಿಗೆ ನಿಂತು ಎಣಿಸುತ್ತೇನೆ.

ಕಾಳಿ ದಡ (ಕಾರವಾರ)
ಆರು ವಾರ ಕಳೆದಿದೆ. ನಾಲ್ಕು ದಿನ ಮಾತ್ರ ತಪ್ಪಿದೆ, ಅದರಲ್ಲಿ ಎರಡು ದಿನ ಜ್ವರ. ತೂಕ 71ರಿಂದ 69.4ಕ್ಕೆ ಬಂದಿದೆ, ಅಷ್ಟೇ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎಣಿಸುವ ನಾಡಿ 84 ಇದ್ದದ್ದು 76 ಆಗಿದೆ. ಮೆಟ್ಟಿಲು ಇಳಿಯುವಾಗ ಮೊಣಕಾಲು ಈಗಲೂ ಸದ್ದು ಮಾಡುತ್ತದೆ, ನೋಯುವುದಿಲ್ಲ. ನಿನ್ನೆ ಅದೇ ಹತ್ತು ನಿಮಿಷವನ್ನು ಅಂದಿನಂತೆಯೇ ಜಿಗಿಯದೆ ಮಾಡಿ ಎಣಿಸಿದೆ. 36. ಅಂದರೆ 144. ಮುಗಿದ ಮೇಲೆ ಅಜ್ಜಿ ಕೆಳಗಿನಿಂದ ಕರೆದಾಗ ಉತ್ತರ ಕೊಡಲು ಉಸಿರಿತ್ತು.

ಸಕ್ಕರೆಯ ಪರೀಕ್ಷೆ ಮೂರು ತಿಂಗಳು ತುಂಬಿದ ಮೇಲೆ. ಇನ್ನು ಸ್ವಲ್ಪ ಸ್ವಲ್ಪ ಜಿಗಿಯಬಹುದೇ?

ಫಿಜಿಯೊ, ಕುಮಟಾ
ಬಹಳ ಸಂತೋಷವಾಯಿತು. ಜಿಗಿಯುವ ಮೊದಲು ಒಂದು ಪರೀಕ್ಷೆ. ಗೋಡೆಗೆ ಬೆರಳು ತಾಗಿಸಿ ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಪೂರ್ತಿ ಎತ್ತಿ ಇಳಿಸಿ. ಎರಡೂ ಕಾಲಲ್ಲಿ ನೋವಿಲ್ಲದೆ 20 ಆಗಬೇಕು.

ಕಾಳಿ ದಡ (ಕಾರವಾರ)
ಈಗಷ್ಟೇ ಮಾಡಿ ನೋಡಿದೆ. ಎಡಗಾಲು 20, ಬಲಗಾಲು 14. ಇನ್ನೆರಡು ವಾರ ಬಿಟ್ಟು ಮತ್ತೆ ಎಣಿಸಿ ಬರೆಯುತ್ತೇನೆ.